ಬ್ಯಾರಿ ಹುಡುಗಿಯ ಕಥೆ, ಕನ್ನಡದ ಗ್ರಾಫಿಕ್ ಕಾದಂಬರಿ: ಚಿತ್ರ, ಮಾತು, ಅಚ್ಚು ಕುರಿತು ಪ್ರಶ್ನೆ

ಕಡಲಂಚು:

ಗ್ರಾಫಿಕ್ ಕಾದಂಬರಿಯೊಂದರ ಕರಡು ಮುಗಿದಿದೆ, ಚಿತ್ರ ಶುರುವಾಗಬೇಕು. ನಾಯಕಿ ಉಳ್ಳಾಲದ ಬ್ಯಾರಿ ಮುಸ್ಲಿಂ ಮನೆಯ ಹದಿನೈದರ ಹುಡುಗಿ, ಹತ್ತನೇ ಕ್ಲಾಸು. ದಿನಾ ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟಿ ಮಂಗಳೂರಿನ ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಒಬ್ಬಳು, ಮದರಸದಲ್ಲಿ ಇನ್ನೊಬ್ಬಳು, ಶಾಲೆಯಲ್ಲಿ ಮತ್ತೊಬ್ಬಳು ಎಂದು ಅವಳಿಗೆ ಅನ್ನಿಸುತ್ತಿರುತ್ತದೆ. ಈ ಮೂವರೂ ತಾನೇ ಎಂದು ಒಪ್ಪಿಕೊಳ್ಳುವವರೆಗಿನ ಕಥೆ ಇದು. 2021ರ ಮಳೆಗಾಲದ ಕೊನೆಯಲ್ಲಿ ಶುರುವಾಗಿ 2022ರ ರಂಜಾನ್ ಹಬ್ಬಕ್ಕೆ ಮುಗಿಯುತ್ತದೆ. ಕಪ್ಪು-ಬಿಳುಪು, ಸುಮಾರು 140 ಪುಟ.

ಕೇಳಬೇಕಾಗಿರುವುದು ಇಷ್ಟು. ತಲೆಗೆ ಸ್ಕಾರ್ಫ್ ಹಾಕಿದ ನಾಲ್ಕೈದು ಹುಡುಗಿಯರು ಒಂದೇ ಪುಟದಲ್ಲಿ ಬಂದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ, ಇದಕ್ಕೇನು ಮಾಡುವುದು? ನಮಾಜು, ಉಪವಾಸ, ಮದರಸಗಳನ್ನು ಬಿಡಿಸುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು? ಬ್ಯಾರಿ ಮಾತನ್ನು ಎಷ್ಟು ಉಳಿಸಿಕೊಳ್ಳಬೇಕು? ಕನ್ನಡ ಅಕ್ಷರ ಮಾತಿನ ಗುಳ್ಳೆಯೊಳಗೆ ಹಿಡಿಸುತ್ತಿಲ್ಲ. ಯಾವ ಫಾಂಟು, ಯಾವ ಅಳತೆ, ಯಾವ ಕಾಗದ?

ಗೆರೆಬಳ್ಳಿ:

ಮೊದಲು ಸ್ಕಾರ್ಫಿನ ವಿಷಯ. ನಿಮ್ಮ ಪುಸ್ತಕ ನಿಲ್ಲುವುದೂ ಬೀಳುವುದೂ ಅಲ್ಲೇ.

ಎಲ್ಲರೂ ಒಂದೇ ಥರ ಕಾಣಲು ಕಾರಣವಿದೆ. ಚಿತ್ರಕಾರರು ಪಾತ್ರಗಳನ್ನು ಬೇರೆಬೇರೆ ಮಾಡುವುದು ಬಹುಪಾಲು ಕೂದಲಿನಿಂದ. ಕೂದಲು, ಕಿವಿ, ಕತ್ತು ಮೂರೂ ಮರೆಯಾದಾಗ ಉಳಿಯುವುದು ಹಣೆಯಿಂದ ಗದ್ದದವರೆಗಿನ ಒಂದು ಮೊಟ್ಟೆಯಾಕಾರ. ಹಾಗಾಗಿ ಆ ಮೊಟ್ಟೆಯನ್ನೇ ಮೊದಲು ಬೇರೆ ಮಾಡಿ: ಒಬ್ಬಳಿಗೆ ಅಗಲ ದವಡೆ, ಒಬ್ಬಳಿಗೆ ಉದ್ದ ಗದ್ದ, ಒಬ್ಬಳಿಗೆ ಕೂಡಿದಂಥ ದಪ್ಪ ಹುಬ್ಬು, ಒಬ್ಬಳಿಗೆ ಕನ್ನಡಕ. ಕನ್ನಡಕದ ಕಡ್ಡಿ ಸ್ಕಾರ್ಫಿನ ಒಳಗೆ ಹೋಗುತ್ತದೆ, ಮೇಲಲ್ಲ. ಇದು ಮೇಲಿಂದ ಮೇಲೆ ಆಗುವ ತಪ್ಪು.

ಆಮೇಲೆ ಬಟ್ಟೆ. ಶಿಫಾನ್ ಜಾರುತ್ತದೆ, ಸಣ್ಣ ಸಣ್ಣ ನೆರಿಗೆ ಬೀಳುತ್ತದೆ, ಗಾಳಿಗೆ ಹಾರುತ್ತದೆ. ಹತ್ತಿಬಟ್ಟೆ ಹಣೆಯ ಮೇಲೆ ಮಡಿಕೆಯಾಗಿ ಗಟ್ಟಿ ನಿಲ್ಲುತ್ತದೆ. ಜೆರ್ಸಿ ಬಟ್ಟೆ ತಲೆಗೆ ಅಂಟಿ ನಾಲ್ಕೈದೇ ದೊಡ್ಡ ಮಡಿಕೆ ಕೊಡುತ್ತದೆ. ಒಬ್ಬೊಬ್ಬಳಿಗೆ ಒಂದೊಂದು ಬಟ್ಟೆ ಗೊತ್ತುಮಾಡಿದರೆ ಬೆನ್ನ ಹಿಂದಿನಿಂದ ನೋಡಿದರೂ ಯಾರೆಂದು ತಿಳಿಯುತ್ತದೆ. ಪಿನ್ನು ಎಲ್ಲಿದೆ ಎಂಬುದನ್ನು ಪಾತ್ರದ ಹಾಳೆಯಲ್ಲೇ (ಒಂದೊಂದು ಪಾತ್ರದ ರೂಪವನ್ನು ಬಿಡಿಸಿಟ್ಟುಕೊಳ್ಳುವ ಹಾಳೆ) ಗುರುತು ಹಾಕಿಕೊಳ್ಳಿ, ಗದ್ದದ ಕೆಳಗೋ, ಎಡಗಿವಿಯ ಹತ್ತಿರವೋ, ಹೆಗಲ ಮೇಲೋ. ನೆರಿಗೆಗಳೆಲ್ಲ ಪಿನ್ನಿನಿಂದ ಹೊರಡಬೇಕು. ಪಿನ್ನು ಒಂದು ಕಡೆ, ನೆರಿಗೆ ಇನ್ನೊಂದು ಕಡೆಯಿಂದ ಹೊರಟರೆ ಬಟ್ಟೆ ಪ್ಲಾಸ್ಟಿಕ್ ಮುಚ್ಚಳದಂತೆ ಕಾಣುತ್ತದೆ. ಹಿಂಭಾಗದಲ್ಲಿ ತುರುಬಿನ ಉಬ್ಬು, ಹಣೆಯ ಅಂಚಿನಲ್ಲಿ ಒಳಟೋಪಿಯ ಸಣ್ಣ ಗೆರೆ, ಇವೆರಡು ಬಂದರೆ ತಲೆಗೆ ಜೀವ ಬರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು, ನಾಯಕಿಗೆ ಎಲ್ಲ ಪ್ಯಾನೆಲ್‌ನಲ್ಲೂ (ಪುಟದ ಚಿತ್ರಚೌಕ) ಸ್ಕಾರ್ಫ್ ಹಾಕಿಸುವುದು. ಅಮ್ಮ, ಅಕ್ಕ-ತಂಗಿ, ಅಪ್ಪ, ಅಣ್ಣ ಇರುವಾಗ ಅವಳು ಬರಿತಲೆಯಲ್ಲೇ ಓಡಾಡುತ್ತಾಳೆ. ಗಂಡಸು ನೆರೆಯವರು ಬಾಗಿಲು ತಟ್ಟಿದಾಗ ಹತ್ತಿರದಲ್ಲಿ ಸಿಕ್ಕಿದ ಶಾಲನ್ನು ತಲೆಗೆ ಎಳೆದುಕೊಳ್ಳುತ್ತಾಳೆ. ಸ್ಕಾರ್ಫ್ ಹಾಕಿಕೊಂಡು ಮಲಗಿದ ಹುಡುಗಿ, ಅಡುಗೆಮನೆಯಲ್ಲಿ ತಾಯಿಯೊಬ್ಬಳೇ ಇದ್ದರೂ ಬುರ್ಖಾ ತೊಟ್ಟ ಹುಡುಗಿ ಚಿತ್ರಕ್ಕೆ ಬಂದರೆ ಆ ಸಮುದಾಯದ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಪ್ರತಿ ದೃಶ್ಯದ ಪಕ್ಕದಲ್ಲಿ ‘ಕೋಣೆಯಲ್ಲಿ ಯಾರಿದ್ದಾರೆ’ ಎಂದು ಒಂದು ಸಾಲು ಬರೆದಿಡಿ, ತಲೆಯ ಬಟ್ಟೆ ತಾನಾಗಿ ತೀರ್ಮಾನವಾಗುತ್ತದೆ. ಕಥೆಗೂ ಅದೇ ಬೇಕು: ಯಾರ ಮುಂದೆ ಯಾವ ಹುಡುಗಿ ಎಂಬ ನಿಮ್ಮ ವಸ್ತು ಇಲ್ಲಿ ಮಾತಿಲ್ಲದೆ ಕಾಣುತ್ತದೆ.

ಎಲ್ಲ ಹುಡುಗಿಯರಿಗೂ ಒಂದೇ ಅಭ್ಯಾಸ ಕೊಡಬೇಡಿ. ಅಮೆರಿಕದ ಜರ್ಸಿ ಸಿಟಿಯ ಕಮಲಾ ಖಾನ್‌ಗೆ 2014ರಲ್ಲಿ ಸ್ವಂತ ಕಾಮಿಕ್ಸ್ ಸರಣಿ ಬಂತಲ್ಲ, ಅದರಲ್ಲಿ ಕಮಲಾ ತಲೆಗೆ ಬಟ್ಟೆ ಹಾಕುವವಳಲ್ಲ, ಗೆಳತಿ ನಾಕಿಯಾ ಹಾಕುತ್ತಾಳೆ, ಅದೂ ಅಪ್ಪನಿಗೆ ಇಷ್ಟವಿಲ್ಲದಿದ್ದರೂ. ಬಟ್ಟೆ ತೆಗೆದದ್ದೇ ಬಿಡುಗಡೆ, ಹಾಕಿದ್ದೇ ಬಂಧನ ಎಂಬ ಎರಡೇ ಖಾನೆಗಳಲ್ಲಿ ಕಥೆ ಸಿಕ್ಕಿಹಾಕಿಕೊಳ್ಳಬಾರದು ಎಂದರೆ ಇಂಥ ಜೋಡಿ ಬೇಕು.

ಪಡುಮನೆ:

ಆಚರಣೆಯ ಬಗ್ಗೆ ಕೇಳಿದ್ದೀರಿ. ಕರಾವಳಿಯ ಬ್ಯಾರಿಗಳು ಬಹುತೇಕ ಶಾಫಿ ಪಂಥದವರು, ಘಟ್ಟದ ಮೇಲಿನ ದಖನಿ ಉರ್ದು ಮನೆಗಳು ಬಹುತೇಕ ಹನಫಿ. ಇದು ಚಿತ್ರದಲ್ಲಿ ಕಾಣುವ ವ್ಯತ್ಯಾಸ. ಶಾಫಿಗಳು ರುಕೂಗೆ ಬಾಗುವ ಮೊದಲೂ ಅದರಿಂದ ಎದ್ದ ಮೇಲೂ ಕೈ ಎತ್ತುತ್ತಾರೆ, ಹನಫಿಗಳು ನಮಾಜಿನ ಶುರುವಿಗೆ ಮಾತ್ರ. ಫಜರ್ (ಬೆಳಗಿನ ಜಾವದ) ನಮಾಜಿನ ಕೊನೆಯ ರಕಅತ್‌ನಲ್ಲಿ (ಸುತ್ತಿನಲ್ಲಿ) ನಿಂತು ಕೈ ಎತ್ತಿ ಬೇಡುವುದು ಶಾಫಿಗಳಲ್ಲಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೋ ನೋಡಿ ಬಿಡಿಸಿದರೆ ಉಳ್ಳಾಲದ ಹುಡುಗಿ ಕಲಬುರಗಿಯವರಂತೆ ನಮಾಜು ಮಾಡುತ್ತಾಳೆ.

ದಿಕ್ಕು. ಮಂಗಳೂರಿನಿಂದ ಮಕ್ಕಾ ಪಡುವಣಕ್ಕಿದೆ, ಸುಮಾರು 20 ಡಿಗ್ರಿಯಷ್ಟು ಬಡಗಣಕ್ಕೆ ವಾಲಿ. ಅಂದರೆ ನಿಮ್ಮ ನಾಯಕಿ ನಮಾಜಿಗೆ ನಿಂತಾಗ ಮುಖ ಕಡಲಿನ ಕಡೆ. ಅಸರ್ (ಇಳಿಹೊತ್ತಿನ ನಮಾಜು) ಹೊತ್ತಿಗೆ ಬಿಸಿಲು ಮುಖಕ್ಕೆ, ಮಗ್ರಿಬ್ (ಸೂರ್ಯ ಮುಳುಗಿದ ಮೇಲಿನ ನಮಾಜು) ಹೊತ್ತಿಗೆ ಸಂಜೆಗೆಂಪು ಮುಖಕ್ಕೆ, ನೆರಳು ಬೆನ್ನ ಹಿಂದೆ. ಫಜರ್‌ನಲ್ಲಿ ಮುಂದೆಲ್ಲ ಕತ್ತಲು, ಬೆಳಕು ಹರಿಯುವುದು ಬೆನ್ನ ಕಡೆ. ಕೋಣೆಯ ನಕ್ಷೆಯೊಂದನ್ನು ಮೊದಲೇ ಬರೆದು ಕಿಟಕಿ, ಬಾಗಿಲು, ಚಾಪೆ ಎಲ್ಲಿ ಎಂದು ನಿಶ್ಚಯಿಸಿಕೊಳ್ಳಿ. ಇಲ್ಲವಾದರೆ 12ನೇ ಪುಟದಲ್ಲಿ ಕಪಾಟಿನ ಕಡೆಗೂ 80ನೇ ಪುಟದಲ್ಲಿ ಬಾಗಿಲ ಕಡೆಗೂ ನಮಾಜು ಆಗಿರುತ್ತದೆ.

ಚಂದ್ರನನ್ನಂತೂ ಎಲ್ಲರೂ ತಪ್ಪಾಗಿಯೇ ಬಿಡಿಸುತ್ತಾರೆ. ರಂಜಾನಿನ ಶುರುವಿನ ಚಂದ್ರ ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಸ್ವಲ್ಪವೇ ಹೊತ್ತು ಕಾಣುವ ದಾರದಂಥ ಗೆರೆ. ಬೆಳಗಿರುವ ಬದಿ ಸೂರ್ಯ ಮುಳುಗಿದ ಕಡೆಗೆ, ಅಂದರೆ ಕೆಳಕ್ಕೆ. ನಮ್ಮ ಅಕ್ಷಾಂಶದಲ್ಲಿ ಅದು ದೋಣಿಯ ಹಾಗೆ ಕೊಂಬು ಮೇಲೆ ಮಾಡಿ ಮಲಗಿರುತ್ತದೆ, ಬಾವುಟದ ಮೇಲಿನ ಹಾಗೆ ನೆಟ್ಟಗಲ್ಲ. ಮಧ್ಯರಾತ್ರಿಯ ಆಕಾಶದಲ್ಲಿ ಬಿದಿಗೆಚಂದ್ರ ಇರಲು ಸಾಧ್ಯವಿಲ್ಲ. 2022ರಲ್ಲಿ ರಂಜಾನ್ ಶುರುವಾದದ್ದು ಏಪ್ರಿಲ್ ಮೊದಲ ವಾರ, ಹುಣ್ಣಿಮೆ ಏಪ್ರಿಲ್ 16ಕ್ಕೆ, ಹಬ್ಬ ಮೇ 3ಕ್ಕೆ. ರಂಜಾನಿನ 27ನೇ ರಾತ್ರಿಯ ದೃಶ್ಯ ಇದ್ದರೆ ಅಲ್ಲಿ ಚಂದ್ರನೇ ಬೇಡ, ಅವನು ಬೆಳಗಿನ ಜಾವ ಮೂಡುವವನು.

ಇನ್ನೊಂದು ಸಂಗತಿ, ಹದಿಹರೆಯದ ಹುಡುಗಿಯ ಕಥೆಗೆ ಇದನ್ನು ಬಿಡಲೇಬಾರದು. ಮುಟ್ಟಿನ ದಿನಗಳಲ್ಲಿ ನಮಾಜೂ ಇಲ್ಲ, ಉಪವಾಸವೂ ಇಲ್ಲ. ತಪ್ಪಿದ ಉಪವಾಸಗಳನ್ನು ಹಬ್ಬ ಕಳೆದ ಮೇಲೆ ಎಣಿಸಿ ಹಿಡಿಯಬೇಕು, ತಪ್ಪಿದ ನಮಾಜುಗಳನ್ನು ತೀರಿಸಬೇಕಿಲ್ಲ. ಮನೆಯಲ್ಲಿ ಅಣ್ಣಂದಿರ ಕಣ್ಣಿಗೆ ಬೀಳದಂತೆ ಅಡುಗೆಮನೆಯ ಮೂಲೆಯಲ್ಲಿ ನಿಂತು ಊಟ ಮಾಡುವ ಹುಡುಗಿ, ತಟ್ಟೆಗೆ ಅಡ್ಡ ನಿಂತ ಉಮ್ಮ. ಮಾತಿಲ್ಲದ ಮೂರು ಪ್ಯಾನೆಲ್ ಸಾಕು. ಇದನ್ನು ವಿವರಿಸುವ ಪೆಟ್ಟಿಗೆ ಹಾಕಬೇಡಿ. ತಿಳಿದವರಿಗೆ ತಿಳಿಯುತ್ತದೆ, ತಿಳಿಯದವರು ಮುಂದಿನ ಪುಟದಲ್ಲಿ ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ನೋಡಿ ತಿಳಿಯಲಿ.

ಮದರಸ ಶಾಲೆಗೆ ಮುಂಚೆ, ಬೆಳಗ್ಗೆ. ವಾರದ ರಜೆ ಶುಕ್ರವಾರ, ಭಾನುವಾರವಲ್ಲ. ವರ್ಷ ಶುರುವಾಗುವುದು ಸಾಮಾನ್ಯವಾಗಿ ರಂಜಾನಿನ ಮುಂದಿನ ಶವ್ವಾಲ್ ತಿಂಗಳಲ್ಲಿ, ರಂಜಾನಿನಲ್ಲಿ ರಜೆ. ಆದ್ದರಿಂದ ನಿಮ್ಮ ಕೊನೆಯ ಅಧ್ಯಾಯದಲ್ಲಿ ಮದರಸದ ತರಗತಿ ಬರುವಂತಿಲ್ಲ. ಕರಾವಳಿಯ ಸಾಂಪ್ರದಾಯಿಕ ಸುನ್ನಿ ಮಸೀದಿಗಳಲ್ಲಿ ಹೆಂಗಸರು ಜಮಾಅತ್ (ಸಾಮೂಹಿಕ) ನಮಾಜಿಗೆ ಹೋಗುವ ರೂಢಿ ಹೆಚ್ಚಾಗಿಲ್ಲ. ನಾಯಕಿಯನ್ನು ಶುಕ್ರವಾರದ ಜುಮಾ ಸಾಲಿನಲ್ಲಿ ನಿಲ್ಲಿಸುವ ಮೊದಲು ಅವಳ ಮನೆಯವರು ಯಾವ ಮಸೀದಿಗೆ ಸೇರಿದವರು ಎಂದು ನಿರ್ಧರಿಸಿ.

ಈಗ ಭಾಷೆ. ಬ್ಯಾರಿ ಮಾತಿಗೆಂದು ಮಲೆಯಾಳದ ಸಾಲನ್ನು ಎತ್ತಿ ಹಾಕುವವರಿದ್ದಾರೆ. ಅದು ಒಂದೇ ಓದಿಗೆ ಗೊತ್ತಾಗುತ್ತದೆ. ಮಲೆಯಾಳದ ಪದದ ಮೊದಲಿನ ವಕಾರ ಬ್ಯಾರಿಯಲ್ಲಿ ಬಕಾರ, ಣಕಾರ ಳಕಾರಗಳು ನಕಾರ ಲಕಾರಗಳಾಗುತ್ತವೆ: ಅಲ್ಲಿಯ ‘ವಿಳಿ’ ಇಲ್ಲಿ ‘ಬಿಲಿ’. ಪಾತ್ರವೊಂದು ಹಾಸನದ್ದೋ ಬೆಂಗಳೂರಿನದ್ದೋ ಆದರೆ ಅವರ ಮನೆಮಾತು ದಖನಿ, ‘ನಕ್ಕೋ’, ‘ಕೈಕು’, ‘ಹೌ’ ಎಂದೇ ಬರಬೇಕು, ಸಿನಿಮಾ ಉರ್ದು ಬೇಡ. ಭಟ್ಕಳದವರಾದರೆ ನವಾಯತಿ, ಅದು ಕೊಂಕಣಿಗೆ ಹತ್ತಿರ. ಬ್ಯಾರಿ ಸಾಲುಗಳನ್ನು ಮನೆಮಾತಾಗಿ ಆಡುವ ಇಬ್ಬರಿಂದ ಓದಿಸಿ, ಒಬ್ಬರು ಹುಡುಗಿಯ ವಯಸ್ಸಿನವರು, ಒಬ್ಬರು ಅಜ್ಜಿಯ ವಯಸ್ಸಿನವರು. ಪುಟದ ಕೆಳಗೆ ಅರ್ಥ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಅವರನ್ನು ಓದಿದ ಕನ್ನಡ ಓದುಗರಿಗೆ ಉಮ್ಮ, ನಿಖಾಹ್, ತಲಾಖ್ ಹೊಸ ಪದಗಳಲ್ಲ.

ಅಚ್ಚುಮೊಳೆ:

ಪಡುಮನೆಯವರ ಮಾತು ಗದ್ಯಕ್ಕೆ ಸರಿ. ಗುಳ್ಳೆಯಲ್ಲಿ ನಾಲ್ಕೇ ಪದ ಇರುವಾಗ ಮೂರು ಅರ್ಥವಾಗದಿದ್ದರೆ ಓದುಗರು ಪುಟ ಮಗುಚುತ್ತಾರೆ. ಬಳಕೆಯಲ್ಲಿರುವ ದಾರಿ ಹೀಗೆ: ಸಂಬೋಧನೆ, ಬೈಗುಳ, ಮುದ್ದಿನ ಮಾತು, ಸಲಾಂ ಬ್ಯಾರಿಯಲ್ಲಿ ಹಾಗೇ ಇರಲಿ. ಉದ್ದದ ಮಾತು ಕನ್ನಡದಲ್ಲಿರಲಿ, ಆದರೆ ಗುಳ್ಳೆಯ ಅಂಚು ಬೇರೆ ಇರಲಿ. ಮನೆಯ ಮಾತಿಗೆ ಕೈಯಲ್ಲೆಳೆದ ಮೆತ್ತನೆಯ ಅಂಚು, ಶಾಲೆಯ ಕನ್ನಡಕ್ಕೆ ಚೊಕ್ಕ ಅಂಚು. ಎರಡನೇ ಅಧ್ಯಾಯದೊಳಗೆ ಓದುಗರ ಕಣ್ಣು ಹೊಂದಿಕೊಳ್ಳುತ್ತದೆ.

ಅಕ್ಷರ ಹಿಡಿಸದಿರಲು ಕಾರಣ ನಮ್ಮ ಲಿಪಿಯಲ್ಲೇ ಇದೆ. ಮೇಲೆ ಗುಡಿಸು, ಕೆಳಗೆ ಒತ್ತು, ಸಾಲು ಮೂರಂತಸ್ತು. ಪದಗಳೂ ವಿಭಕ್ತಿ ಸೇರಿ ಉದ್ದ. ಅಕ್ಷರ 9 ಪಾಯಿಂಟ್ ಇದ್ದರೆ ಸಾಲಿನ ಅಂತರ 13 ಪಾಯಿಂಟಿಗಿಂತ ಕಡಿಮೆ ಮಾಡಬೇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಉರುಟು ಗುಳ್ಳೆ ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಅಡ್ಡಗಲದ, ಮೂಲೆ ದುಂಡಗಿನ ಚೌಕವೇ ಮೇಲು. ಗುಳ್ಳೆಗೆ ಹೆಚ್ಚೆಂದರೆ 12 ಪದ, ಪುಟಕ್ಕೆ 60. ಮೊದಲು ಅಕ್ಷರ ಇಡಿ, ಆಮೇಲೆ ಗುಳ್ಳೆ ಎಳೆಯಿರಿ, ಪೆನ್ಸಿಲ್ ಹಂತದಲ್ಲೇ. ಚಿತ್ರ ಮುಗಿಸಿ ಕೊನೆಗೆ ಗುಳ್ಳೆ ತೂರಿಸಿದರೆ ಮುಚ್ಚಿಹೋಗುವುದು ಯಾವಾಗಲೂ ಪಾತ್ರದ ಕೈ. ಸ್ಕಾರ್ಫ್ ಹಾಕಿದ ಪಾತ್ರಕ್ಕೆ ಕೈಯೇ ಅರ್ಧ ಮುಖ.

ಫಾಂಟು: ಮಾತಿಗೆ ಅಕಾಯ ಕನಡಕ, ನಿರೂಪಣೆಯ ಪೆಟ್ಟಿಗೆಗೆ ನೋಟೋ ಸ್ಯಾನ್ಸ್ ಕನ್ನಡ, ಕೂಗಾಟಕ್ಕೆ ಬಲೂ ತಮ್ಮ. ಮೂರೂ ಮುಕ್ತ ಪರವಾನಗಿಯವು, ಪುಸ್ತಕದಲ್ಲಿ ಬಳಸಲು ಹಣ ಕೊಡಬೇಕಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಬೇಡಿ, ಯುನಿಕೋಡಿನಲ್ಲೇ ಇರಲಿ, ಮುಂದೆ ಇ-ಪುಸ್ತಕ ಮಾಡುವಾಗ ಮತ್ತೆ ಟೈಪ್ ಮಾಡುವ ಕೆಲಸ ತಪ್ಪುತ್ತದೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ, ಖರ್ಚೂ ಇಲ್ಲ.

ನಿಮ್ಮ ಪುಸ್ತಕಕ್ಕೇ ಬರುವ ತೊಂದರೆ ಒಂದಿದೆ. ಅರಬಿ ಮೂಲದ ಬಹಳಷ್ಟು ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ, ಅದಕ್ಕೆ ವಿಭಕ್ತಿ ಹತ್ತಿದಾಗ ಅಕ್ಷರಗಳು ಕೂಡಿಕೊಳ್ಳುತ್ತವೆ. ‘ಇಫ್ತಾರ್‌ಗೆ’ ಎಂದು ಬರೆಯಲು ‘ರ್’ ನಂತರ ಅಗಲವಿಲ್ಲದ ಬಿಡಿಸುವ ಗುರುತನ್ನು (ZWNJ) ಟೈಪ್ ಮಾಡಬೇಕು, ಇಲ್ಲದಿದ್ದರೆ ‘ಇಫ್ತಾರ್ಗೆ’ ಎಂದು ಅರ್ಕಾವೊತ್ತು ಬಂದು ಕೂರುತ್ತದೆ. ಮಗ್ರಿಬ್‌ನ, ಫಜರ್‌ಗೆ, ಮಸ್ಜಿದ್‌ನಲ್ಲಿ, ಎಲ್ಲಕ್ಕೂ ಇದೇ. ಮತ್ತೊಂದು, ನಮಾಜ್, ನಮಾಝ್, ನಮಾಜು ಇವುಗಳಲ್ಲಿ ಒಂದನ್ನು ಆರಿಸಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ನುಕ್ತದ ಜ಼, ಫ಼ ಬಳಸುವುದಾದರೆ ಆರಿಸಿದ ಮೂರೂ ಫಾಂಟಿನಲ್ಲಿ ಆ ಚುಕ್ಕೆ ಸರಿಯಾದ ಜಾಗದಲ್ಲಿ ಕೂರುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಅಚ್ಚು. ಫಾರಂ (ಒಟ್ಟಿಗೆ ಅಚ್ಚು ಹಾಕಿ ಮಡಚುವ ಪುಟಗಳ ಕಟ್ಟು) 16 ಪುಟದ್ದು, ಹಾಗಾಗಿ 140 ಬೇಡ, 144 ಮಾಡಿ. ಶೀರ್ಷಿಕೆ, ಹಕ್ಕು, ಅರ್ಪಣೆ, ಕೊನೆಯ ಮಾತು ಕಳೆದರೆ ಕಥೆಗೆ 136 ಪುಟ ಉಳಿಯುತ್ತದೆ. ಪುಸ್ತಕದ ಅಳತೆ ಡೆಮಿ 1/8 ಆದರೆ ಕನ್ನಡದ ಗುಳ್ಳೆಗಳಿಗೆ ಉಸಿರುಗಟ್ಟುತ್ತದೆ, ಅದಕ್ಕಿಂತ ದೊಡ್ಡದಾದ ಕ್ರೌನ್ 1/4 ತೆಗೆದುಕೊಳ್ಳಿ. ಗೆರೆಚಿತ್ರ 1200 ಡಿಪಿಐ, ಬೂದುಬಣ್ಣದ ಛಾಯೆ ಇದ್ದರೆ 600. ಕತ್ತರಿಸುವ ಅಂಚಿನಾಚೆ 3 ಮಿಮೀ ಹೆಚ್ಚಿಗೆ, ಅಂಚಿನಿಂದ ಒಳಕ್ಕೆ 6 ಮಿಮೀವರೆಗೆ ಅಕ್ಷರ ಬೇಡ, ಬೆನ್ನಿನ ಕಡೆ 15 ಮಿಮೀ ಖಾಲಿ.

ಕಪ್ಪು ಬುರ್ಖಾದ ಬಗ್ಗೆ ಎಚ್ಚರ. 80 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದಲ್ಲಿ ದೊಡ್ಡ ಗಟ್ಟಿ ಕಪ್ಪು ಹಿಂದಿನ ಪುಟಕ್ಕೆ ಕಾಣುತ್ತದೆ, ಮಸಿ ಒಣಗುವ ಮುನ್ನ ಎದುರಿನ ಹಾಳೆಗೂ ಹತ್ತುತ್ತದೆ. 100 ಜಿಎಸ್‌ಎಂ ಹಾಕಿ. ಕಪ್ಪನ್ನು ಪೂರ್ತಿ ತುಂಬದೆ ಮಡಿಕೆಗಳನ್ನು ಬಿಳಿ ಗೆರೆಯಾಗಿ ಬಿಡಿ. ಇಬ್ಬರು ಪಕ್ಕಪಕ್ಕ ನಿಂತಾಗ ನಡುವೆ ಅಚ್ಚಿನ ಅಳತೆಯಲ್ಲಿ 1 ಮಿಮೀ ಬಿಳಿ ಅಂಚು ಇರಲಿ, ತೀರಾ ಸಣ್ಣದಾಗಿ ಬಿಟ್ಟರೆ ಮಸಿ ಹರಡಿ ಮುಚ್ಚಿಕೊಳ್ಳಬಹುದು. ಒಂದು ಫಾರಂ ಪರೀಕ್ಷೆಗೆ ಹೊಡೆಸಿ ನೋಡದೆ ಪೂರ್ತಿ ಅಚ್ಚಿಗೆ ಕೊಡಬೇಡಿ.

ಕಡಲಂಚು:

ಮೂವರಿಗೂ ಧನ್ಯವಾದ. ಎರಡು ಮರುಪ್ರಶ್ನೆ. ಮದರಸದ ಪುಸ್ತಕ ಬಲದಿಂದ ಎಡಕ್ಕೆ, ಶಾಲೆಯ ಪುಸ್ತಕ ಎಡದಿಂದ ಬಲಕ್ಕೆ. ಈ ಎರಡು ದಿಕ್ಕನ್ನು ಒಂದು ಪುಟದ ಪ್ಯಾನೆಲ್ ಜೋಡಣೆಯಲ್ಲೇ ತೋರಿಸಬಹುದೇ? ಮತ್ತೆ, 2022ರ ಫೆಬ್ರುವರಿಯ ಹಿಜಾಬ್ ವಿವಾದವನ್ನು ಎಷ್ಟು ತರಬೇಕು?

ಗೆರೆಬಳ್ಳಿ:

ತೋರಿಸಬಹುದು, ಒಂದೇ ಸಲ. ಎದುರುಬದುರಿನ ಜೋಡಿಪುಟ ತೆಗೆದುಕೊಳ್ಳಿ. ಬಲಪುಟ ಮದರಸ, ಎಡಪುಟ ಶಾಲೆ. ಎರಡರ ನಡುವೆ ಸೇತುವೆ ಮೇಲಿನ ಬಸ್ಸು ಬೆನ್ನುಗೂಡಿಗೆ (ಎರಡು ಪುಟ ಕೂಡುವ ನಡುಮಡಿಕೆ) ಅಡ್ಡವಾಗಿ ಹಾದುಹೋಗಲಿ. ಕನ್ನಡ ಓದುಗರು ಎಡಪುಟದಿಂದಲೇ ಶುರುಮಾಡುತ್ತಾರೆ, ಅದನ್ನು ತಡೆಯಲಾಗದು. ಆದ್ದರಿಂದ ಯಾವ ಕಡೆಯಿಂದ ಓದಿದರೂ ಅರ್ಥವಾಗುವಂತೆ ಮಾತಿಲ್ಲದ ಪ್ಯಾನೆಲ್‌ಗಳನ್ನೇ ಇಡಿ: ಬಲತುದಿಯಲ್ಲಿ ಬೆರಳು ಅರಬಿ-ಮಲೆಯಾಳದ (ಅರಬಿ ಲಿಪಿಯಲ್ಲಿ ಬರೆದ ಮಲೆಯಾಳ) ಸಾಲಿನ ಮೇಲೆ ಎಡಕ್ಕೆ, ಎಡತುದಿಯಲ್ಲಿ ಅದೇ ಬೆರಳು ಕನ್ನಡ ಸಾಲಿನ ಮೇಲೆ ಬಲಕ್ಕೆ. ಎರಡು ಬೆರಳೂ ಬೆನ್ನುಗೂಡಿನ ಕಡೆಗೆ ಸರಿಯುತ್ತಾ ಬಸ್ಸಿನಲ್ಲಿ ಕೂತ ಹುಡುಗಿಯ ಹತ್ತಿರ ಬರುತ್ತವೆ. ಪುಟಗಳು ಎದುರುಬದುರು ಬೀಳಬೇಕಾದರೆ ಎಡಪುಟದ ಸಂಖ್ಯೆ ಸಮ ಇರಬೇಕು. ಈ ಜೋಡಿಯನ್ನು ಒಂದು ಫಾರಂನ ನಡುಹಾಳೆಗೆ ಬರುವಂತೆ ಲೆಕ್ಕ ಹಾಕಿ, ಸೆಕ್ಷನ್ ಹೊಲಿಗೆ ಹಾಕಿಸಿದರೆ ಅಲ್ಲಿ ಪುಸ್ತಕ ಪೂರ್ತಿ ತೆರೆಯುತ್ತದೆ. 16 ಪುಟದ ಫಾರಂನಲ್ಲಿ 8-9, 24-25, 40-41, ಹೀಗೆ. ಅರಬಿ ಲಿಪಿಯನ್ನು ಕಂಪ್ಯೂಟರಿನಲ್ಲಿ ಅಂಟಿಸಬೇಡಿ. ಎಷ್ಟೋ ತಂತ್ರಾಂಶಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ತಿರುಗುಮುರುಗಾಗುತ್ತವೆ. ಓದಲು ಬರುವವರಿಂದ ಕೈಯಲ್ಲಿ ಬರೆಸಿ. ಕುರ್‌ಆನ್ ವಾಕ್ಯ ಬೇಡ, ಪಾಠಪುಸ್ತಕದ ಸಾಮಾನ್ಯ ಸಾಲು ಇರಲಿ. ಪುಸ್ತಕ ಎಲ್ಲೆಲ್ಲೋ ಬೀಳುತ್ತದೆ, ಮಡಚುತ್ತದೆ, ಹರಿಯುತ್ತದೆ.

ಪಡುಮನೆ:

ಆ ವರ್ಷದ ಕರಾವಳಿ, ಹತ್ತನೇ ಕ್ಲಾಸಿನ ಮುಸ್ಲಿಂ ಹುಡುಗಿ. ಬಿಟ್ಟರೆ ಪುಸ್ತಕ ಸುಳ್ಳಾಗುತ್ತದೆ. ದಿನಾಂಕಗಳನ್ನು ಸರಿಯಾಗಿ ಇಟ್ಟುಕೊಳ್ಳಿ. ಉಡುಪಿಯ ಪಿಯು ಕಾಲೇಜಿನಲ್ಲಿ ವಿಷಯ ಎದ್ದದ್ದು 2021ರ ಡಿಸೆಂಬರ್ ಕೊನೆಗೆ. ಸಮವಸ್ತ್ರದ ಸರ್ಕಾರಿ ಆದೇಶ 2022ರ ಫೆಬ್ರುವರಿ 5. 9ರಿಂದ ಶಾಲೆ-ಕಾಲೇಜುಗಳಿಗೆ ಮೂರು ದಿನ ರಜೆ. ಹೈಸ್ಕೂಲು ಮತ್ತೆ ತೆರೆದದ್ದು 14ಕ್ಕೆ, ಪಿಯು ಕಾಲೇಜು 16ಕ್ಕೆ. ಹೈಕೋರ್ಟ್ ತೀರ್ಪು ಮಾರ್ಚ್ 15, ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು ಮಾರ್ಚ್ 28. ನಡುವೆ ಹದಿಮೂರೇ ದಿನ, ಪರೀಕ್ಷೆ ಮುಗಿಯುವ ಮುನ್ನವೇ ರಂಜಾನ್. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಬಂದದ್ದು ಅಕ್ಟೋಬರ್ 13ಕ್ಕೆ, ಅದು ನಿಮ್ಮ ಕಥೆಯ ಆಚೆ. ಆ ತೀರ್ಪು ಗೊತ್ತಿದ್ದವರಂತೆ ಯಾವ ಪಾತ್ರವೂ ಮಾತಾಡಬಾರದು.

ಕೋರ್ಟು, ಟೀವಿ ಚರ್ಚೆ, ಘೋಷಣೆ ಬಿಡಿಸಲು ಹೋಗಬೇಡಿ. ಅವು ಬಂದಷ್ಟೂ ಹುಡುಗಿ ಸಣ್ಣವಳಾಗುತ್ತಾಳೆ. ನೋಟೀಸ್ ಬೋರ್ಡು, ಗೇಟು, ಗೇಟಿನ ಹೊರಗೆ ಕಾಯುವ ಬಾಪ (ಅಪ್ಪ), ಪಿನ್ನು ಬಿಚ್ಚುವ ಬೆರಳು, ಅಥವಾ ಬಿಚ್ಚದೆ ಹಿಂದಿರುಗುವ ಕಾಲು. ನಿಮ್ಮ ನಾಯಕಿ ಯಾವುದನ್ನು ಆರಿಸುತ್ತಾಳೋ ಅದಕ್ಕೆ ಮುಂಚಿನ 90 ಪುಟಗಳಲ್ಲಿ ಕಾರಣ ಇರಬೇಕು. ಅವಳ ಪಕ್ಕದ ಬೆಂಚಿನವಳು ಬೇರೆ ದಾರಿ ಆರಿಸಲಿ, ಅವಳನ್ನೂ ಪುಸ್ತಕ ಅಷ್ಟೇ ಪ್ರೀತಿಯಿಂದ ನೋಡಲಿ.

ಇನ್ನೊಂದು, ಕರಡಿನಲ್ಲಿ ಇಲ್ಲವೇನೋ ಅನ್ನಿಸಿದ್ದರಿಂದ ಹೇಳುತ್ತೇನೆ: ಆ ವರ್ಷ ತರಗತಿಯಲ್ಲಿ ಎಲ್ಲರ ಮುಖಕ್ಕೂ ಕೋವಿಡ್ ಮಾಸ್ಕ್ ಇತ್ತು.

ಗೆರೆಬಳ್ಳಿ:

ಮಾಸ್ಕಿನ ಮಾತು ಸರಿಯಾಗಿದೆ, ಚಿತ್ರಕ್ಕೂ ಉಪಯೋಗವಾಗುತ್ತದೆ. ಇಡೀ ತರಗತಿಯ ಬಾಯಿ-ಮೂಗು ಮುಚ್ಚಿರುವ ಪ್ಯಾನೆಲ್‌ನಲ್ಲಿ ತಲೆಗೆ ಬಟ್ಟೆ ಇರುವವರು, ಇಲ್ಲದವರು ಎಲ್ಲರೂ ಕಣ್ಣಿನಲ್ಲೇ ಮಾತಾಡಬೇಕು. ಸ್ಕಾರ್ಫ್ ಮೇಲೆ ಮಾಸ್ಕ್ ಹಾಕುವಾಗ ಕಿವಿಗೆ ಸಿಕ್ಕಿಸುವ ದಾರ ಬಟ್ಟೆಯೊಳಗೆ ಹೋಗುವುದಿಲ್ಲ, ಹೊರಗಿನಿಂದ ತಲೆಯ ಹಿಂದೆ ಕೊಕ್ಕೆಗೆ ಸಿಕ್ಕಿಸುತ್ತಾರೆ, ಅಥವಾ ಮಾಸ್ಕ್ ಮೊದಲು ಹಾಕಿ ಮೇಲೆ ಸ್ಕಾರ್ಫ್ ಸುತ್ತುತ್ತಾರೆ. ಎರಡನೆಯ ಥರ ಹಾಕಿದವಳು ಊಟದ ಹೊತ್ತಿಗೆ ಮಾಸ್ಕ್ ಪೂರ್ತಿ ತೆಗೆಯಲಾರಳು, ಗದ್ದಕ್ಕೆ ಇಳಿಸಿಕೊಳ್ಳುತ್ತಾಳೆ. ಪಾತ್ರದ ಹಾಳೆಯಲ್ಲಿ ಪಿನ್ನಿನ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ.